ಲಂಕೆಯ ಸೊಸೆ

“ನಾ ಹೆಬ್ಬಟ್ಟು ಒತ್ತಂಗಿಲ್ಲ! ಹೋಗಾಕಿ ಹೋಗ್ಲಿ... ಕೂಸು ಮಾತ್ರ ಈ ಮನಿ ಬಿಟ್ಟು ಹೋಗಂಗಿಲ್ಲ!”

ಗುರವ್ವ ಕಾಗದವನ್ನು ಪಡಸಾಲೆಯ ನೆಲಕ್ಕೆ ಎಸೆದಾಗ ಅಡುಗೆಮನೆಯಲ್ಲಿ ಸೊಸೆ ನಿಲ್ಮಿನಿಯ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಕಾಗದ ತಂದಿದ್ದ ಹಿರಿಯ ಮಗ ಸಂಗನಬಸವ ಅದನ್ನು ಎತ್ತಿ, ಮಡಚಿ ಜೇಬಿಗಿಟ್ಟುಕೊಂಡ.

ನಿಲ್ಮಿನಿ ಶ್ರೀಲಂಕಾದವಳು. ಗುರವ್ವನ ಕಿರಿಯ ಮಗ ಪ್ರಭು ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾಗ ಅಲ್ಲಿಯೇ ರೋಗಿಗಳ ಆರೈಕೆ ಮಾಡುತ್ತಿದ್ದಳು. ಅವನನ್ನು ಮದುವೆಯಾಗಿ ಅವನ ಊರಾದ ಶಲವಡಿಗೆ ಬಂದು ಎಂಟು ವರ್ಷವಾಗಿತ್ತು. ರೊಟ್ಟಿ ಬಡಿಯುವುದನ್ನು ಕಲಿತಳು, ಹತ್ತಿ ಬಿಡಿಸುವುದನ್ನು ಕಲಿತಳು, ಊರವರಂತೆಯೇ ಮಾತಾಡುವುದನ್ನೂ ಕಲಿತಳು. ಆದರೂ ಗುರವ್ವನ ಬಾಯಲ್ಲಿ ಅವಳು ‘ಲಂಕಾದಾಕಿ’ಯೇ. ಹೋದ ಮಳೆಗಾಲ ಅಣ್ಣಿಗೇರಿ ರಸ್ತೆಯಲ್ಲಿ ಲಾರಿ ಬಡಿದು ಪ್ರಭು ತೀರಿಕೊಂಡ ಮೇಲೆ ಅತ್ತೆ ಸೊಸೆಯರ ನಡುವೆ ಉಳಿದದ್ದು ಆರು ವರ್ಷದ ಶಾಂಭವಿ ಒಬ್ಬಳೇ.

ನಿಲ್ಮಿನಿಗೆ ಇಲ್ಲಿರಲು ಅನುಮತಿ ಸಿಕ್ಕಿದ್ದು ಗಂಡನ ಹೆಸರಿನ ಮೇಲೆ. ಗಂಡನೇ ಇಲ್ಲವಾದ ಮೇಲೆ, ‘ಇವಳು ನಮ್ಮವಳು, ಇವಳ ಜವಾಬ್ದಾರಿ ನಮ್ಮದು’ ಎಂದು ಮನೆಯ ಯಜಮಾನರು ಬರೆದುಕೊಡಬೇಕಿತ್ತು. ಸಂಗನಬಸವ ತಂದಿದ್ದು ಅದೇ ಕಾಗದ. ಮನೆ, ಹೊಲ ಎರಡೂ ಗುರವ್ವನ ಹೆಸರಿನಲ್ಲಿದ್ದವು.

ಎರಡು ದಿನ ಬಿಟ್ಟು, ವಿದೇಶಿಯರ ವಿಚಾರಣೆಯ ಕೆಲಸ ನೋಡುವ ಪೊಲೀಸ್ ಅಧಿಕಾರಿ ಅಂದಾನೆಪ್ಪ ಧಾರವಾಡದಿಂದ ಮನೆಗೇ ಬಂದರು. ನಿವೃತ್ತಿಗೆ ಹತ್ತಿರವಾಗಿದ್ದ, ದನಿ ಏರಿಸದ ಮನುಷ್ಯ.

“ಯವ್ವಾ, ನೀವು ಬರೆದುಕೊಡದಿದ್ರ ಈ ತಂಗಿ ತಿಂಗಳೊಳಗ ದೇಶಾ ಬಿಡಬೇಕಾಗ್ತೈತಿ.”

“ಬಿಡ್ಲಿ. ಕೂಸು?”

“ಕೂಸು ಇಲ್ಲೀದು. ಅದನ್ನ ಕಳಸ್ರಿ ಅಂತ ನಾವು ಹೇಳಂಗಿಲ್ಲ. ತಾಯಿ ಕರಕೊಂಡು ಹೋಗಬಹುದು, ಬಿಟ್ಟೂ ಹೋಗಬಹುದು.”

ಎಲ್ಲರೂ ನಿಲ್ಮಿನಿಯ ಕಡೆ ನೋಡಿದರು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ಬಿಟ್ಟು ಹೋಗ್ತೀನ್ರಿ. ಅಲ್ಲಿ ನಮ್ಮಣ್ಣಂದು ಒಂದs ಖೋಲಿ. ಅವ್ವ ಹಾಸಿಗಿ ಹಿಡದಾಳ. ಕೂಸಿಗೆ ಉಬ್ಬಸ ಐತಿ... ಇಲ್ಲಿ ಸಾಲಿ ಐತಿ, ಅವರಪ್ಪನ ಮನಿ ಐತಿ. ನಾ ಎಲ್ಲೆರ ಬದುಕ್ತೀನಿ.”

ಅಂದಾನೆಪ್ಪ ಗುರವ್ವನ ಕಡೆ ತಿರುಗಿದರು. “ಹೊರಗಿಂದ ಬಂದವರು ಯಾರು, ಯಾಕ ಅದಾರ ಅಂತ ದೇಶ ಕೇಳಬೇಕಾಗ್ತೈತಿ, ಯವ್ವಾ. ಅದು ತಪ್ಪಲ್ಲ. ಆದ್ರ ಉತ್ತರಾ ಕೊಡಬೇಕಾದವರು ಮನಿಯವರು. ಅದನ್ನ ನಾ ಬರೀಲಾಕ ಬರೂದಿಲ್ಲ.”

ಗುರವ್ವ ಗೆದ್ದಿದ್ದಳು. ಆದರೆ ಮರುದಿನದಿಂದ ನಿಲ್ಮಿನಿ ಒಂದೊಂದಾಗಿ ಹೇಳಿಕೊಡತೊಡಗಿದಳು. “ಅತ್ತಿ, ತಂಪು ಗಾಳಿ ಬಿಟ್ರ ಈ ಉಬ್ಬಸದ ಪಂಪು ಎರಡು ಸಲ ಎಳಸ್ರಿ. ತಲಿ ಬಾಚೂಮುಂದ ತುದಿಯಿಂದ ಬಾಚ್ರಿ, ಇಲ್ಲಂದ್ರ ಅಳತಾಳ. ಬದನಿಕಾಯಿ ಒಲ್ಲೆ ಅಂತಾಳ, ರೊಟ್ಯಾಗ ಮುಚ್ಚಿ ಕೊಟ್ರ ತಿಂತಾಳ.” ನಿಲ್ಮಿನಿ ಅಳಲಿಲ್ಲ, ಬೈಯಲಿಲ್ಲ. ಗುರವ್ವ ಹೂಂಗುಟ್ಟುತ್ತಿದ್ದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು... ಇದಕ್ಕೇನು ಹೇಳುವುದು?

ಗಡುವಿಗೆ ನಾಲ್ಕು ದಿನ ಉಳಿದಿದ್ದಾಗ, ಒಂದು ಸಂಜೆ ಶಾಂಭವಿ ಸಾಲೆಯಿಂದ ಬಂದವಳು ಅಜ್ಜಿಯ ತೊಡೆಯ ಮೇಲೆ ಕೂತು ಕೇಳಿದಳು: “ಆಯಿ, ಅಪ್ಪಗೂ ಪೊಲೀಸರು ಕಾಗದಾ ಕೊಟ್ಟಿದ್ರೇನ?”

“ಯಾಕ ಬೇ?”

“ಅವನೂ ಹೋದ್ನಲ್ಲ... ನನಗ ಯಾವಾಗ ಕೊಡ್ತಾರ?”

ಗುರವ್ವನ ಕೈ ಮೊಮ್ಮಗಳ ಬೆನ್ನ ಮೇಲೆಯೇ ನಿಂತುಬಿಟ್ಟಿತು. ಪ್ರಭುವಿನ ಹೆಣ ಅಂಗಳಕ್ಕೆ ಬಂದ ದಿನ, ‘ತಾಯಿಯಿಂದ ಮಗನ್ನ ಕಸಗೊಂಡ್ಯಲ್ಲೋ ಶಿವನೇ’ ಎಂದು ನೆಲ ಬಡಿದು ಅತ್ತವಳು ಅವಳು. ಶಿವನನ್ನು ಬೈದವಳೇ ಈಗ ಅದನ್ನೇ ಮಾಡಲು ಹೊರಟಿದ್ದಳಲ್ಲ!

ಮರುದಿನ ಮೊದಲ ಬಸ್ಸಿಗೆ ಅವಳು ಸಂಗನಬಸವನನ್ನು ಎಬ್ಬಿಸಿಕೊಂಡು ಧಾರವಾಡಕ್ಕೆ ಹೋದಳು. ಅಂದಾನೆಪ್ಪ ಕೇಳಿದರು: “ಆಕಿ ನಿಮಗ ಏನಾಗಬೇಕು?”

“ನನ್ನ ಸೊಸಿ. ನನ್ನ ಮನ್ಯಾಗ ಇರಾಕಿ. ಬರಕೋರಿ.”

ಹೆಬ್ಬಟ್ಟು ಒತ್ತಿದಳು. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಅರ್ಜಿ ಮೇಲಿನ ಕಚೇರಿಗೆ ಹೋಗಬೇಕು, ಉತ್ತರ ಬರುವವರೆಗೆ ನಿಲ್ಮಿನಿ ಇಲ್ಲಿರಬಹುದು. ಅಷ್ಟರಲ್ಲಿ ದೇಶ ಬಿಟ್ಟರೆ ತಿರುಗಿ ಬರುವ ಖಾತ್ರಿ ಇಲ್ಲ.

ಮೂರನೆಯ ತಿಂಗಳು ಶ್ರೀಲಂಕಾದ ರತ್ನಪುರದಿಂದ ನಿಲ್ಮಿನಿಯ ಅಣ್ಣನ ಫೋನು ಬಂತು. ಅವ್ವನಿಗೆ ಎಚ್ಚರವಿಲ್ಲ, ಇಂದೋ ನಾಳೆಯೋ.

“ಹೋಗಿ ಬಾ ಯವ್ವಾ,” ಎಂದಳು ಗುರವ್ವ. “ಕೂಸಿನ್ನ ನಾ ನೋಡ್ಕೋತೀನಿ.”

ಸಂಗನಬಸವ ಅಂದಾನೆಪ್ಪನವರಿಗೆ ಫೋನು ಹಚ್ಚಿದ. “ಹೋಗಾಕ ಯಾರೂ ತಡಿಯಂಗಿಲ್ಲ,” ಎಂದರು ಅವರು. “ತಿರುಗಿ ಬಿಟ್ಟುಕೊಳ್ಳೂದು ನನ್ನ ಕೈಯಾಗಿಲ್ಲಪಾ... ಸುಳ್ಳು ಹೆಂಗ ಹೇಳ್ಲಿ?”

ನಿಲ್ಮಿನಿ ಟ್ರಂಕಿನಿಂದ ತೆಗೆದ ಸೀರೆಗಳನ್ನು ಮತ್ತೆ ಮಡಚಿಟ್ಟಳು.

ಮೂರು ದಿನಗಳ ಮೇಲೆ ತಾಯಿಯ ಅಂತ್ಯಕ್ರಿಯೆಯನ್ನು ಅವಳು ಫೋನಿನಲ್ಲಿ ನೋಡಿದಳು. ಬಿಳಿ ಬಟ್ಟೆ ಕಟ್ಟಿದ ಅಂಗಳ, ಕಾವಿ ತೊಟ್ಟ ಭಿಕ್ಷುಗಳು, ಪೆಟ್ಟಿಗೆಯೊಳಗೆ ಸಣ್ಣಗಾದ ಮುಖ. ಪಕ್ಕದಲ್ಲಿ ಕೂತಿದ್ದ ಗುರವ್ವ ತಲೆಯ ಮೇಲೆ ಸೆರಗು ಹೊದ್ದು, ಫೋನಿಗೆ ಕೈಮುಗಿದಳು.

“ಬೀಗತಿ... ನಿಮ್ಮ ಮಗಳನ್ನ ಕಳಸಾಕ ಆಗ್ಲಿಲ್ಲ. ನಾ ಅವತ್ತs ಒತ್ತಿದ್ರ ಇಷ್ಟೊತ್ತಿಗೆ ಕಾಗದಾ ಬಂದಿರ್ತಿತ್ತು. ತಪ್ಪು ನಂದು. ಹೊಟ್ಟ್ಯಾಗ ಹಾಕ್ಕೋರಿ...”

ಆ ಕಡೆಯಿಂದ ಅಣ್ಣ, ಅವರು ಏನಂದರು ಎಂದು ಕೇಳಿದ. ನಿಲ್ಮಿನಿ ತನ್ನ ಭಾಷೆಯಲ್ಲಿ ಹೇಳಲು ಬಾಯಿ ತೆರೆದಳು. ಆಗಲಿಲ್ಲ. ಅತ್ತೆಯ ಭುಜಕ್ಕೆ ಒರಗಿ, ಗಂಡ ಸತ್ತಾಗಲೂ ಅಳದಷ್ಟು ಅತ್ತಳು.

ಅನುಮತಿ ಬಂದದ್ದು ಹತ್ತೊಂಬತ್ತು ದಿನಗಳ ಮೇಲೆ. ನಿಲ್ಮಿನಿ ಅದನ್ನು ಓದಿ ಹೇಳಿದಳು.

“ಒಂದs ವರ್ಷಕ್ಕೇನ?” ಎಂದು ಕೇಳಿದಳು ಗುರವ್ವ.

“ಹೌದ್ರಿ ಅತ್ತಿ. ಆಮ್ಯಾಲೆ ಮತ್ತ ಕೇಳಬೇಕು.”

“ಕೇಳೂಣು,” ಎಂದಳು ಗುರವ್ವ. “ಇಬ್ಬರೂ ಹೋಗಿ ಕೇಳೂಣು.”