ಎರಡನೆಯ ಕೊಡ

2025ರ ಮಾರ್ಚ್ 22, ಶನಿವಾರ. ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿದು ಎರಡು ದಿನವಾಗಿತ್ತು. ಕೊನೆಯ ನೆಂಟರು ಹಿಂದಿನ ಸಂಜೆ ಯಳಂದೂರಿನ ಬಸ್ಸು ಹತ್ತಿದ್ದರು. ಬೆಳಿಗ್ಗೆ ಆರಕ್ಕೆ ಕೊಳ್ಳೇಗಾಲದ ಹಳೇ ಮಗ್ಗದ ಬೀದಿಗೆ ನೀರು ಬಂತು. ಮೂರು ದಿನಕ್ಕೊಮ್ಮೆ ಬರುವ ನೀರು. ನಾಗಶ್ರೀ ಮೊದಲು ಮೇನ್ ಸ್ವಿಚ್ ಇಳಿಸಿದಳು, ಆಮೇಲೆ ಗಂಡನ ಟೆಸ್ಟರನ್ನು ನಲ್ಲಿಗೆ ಮುಟ್ಟಿಸಿದಳು, ಆಮೇಲೆ ಕೊಡ ಇಟ್ಟಳು. ಹನ್ನೆರಡು ದಿನಗಳಿಂದ ಆ ನಲ್ಲಿಯನ್ನು ಯಾರೂ ಮುಟ್ಟಿರಲಿಲ್ಲ. ಸಾವಿನ ಮನೆಯ ಖರ್ಚಿಗೆಲ್ಲ ಟ್ಯಾಂಕರಿನ ನೀರೇ ಆಗಿತ್ತು.

ಮೊದಲ ಕೊಡ ತುಂಬಿತು. ಎರಡನೆಯದನ್ನು ಇಟ್ಟು ಹಾಲು ಕಾಯಿಸಲು ಒಳಗೆ ಹೋದಳು. ಎರಡನೆಯ ಕೊಡ ತುಂಬಲು ಹನ್ನೊಂದು ನಿಮಿಷ ಬೇಕು. ಅಷ್ಟರಲ್ಲಿ ಕಾಫಿ ಬೆರೆಸಿ, ಕುಡಿದು, ಲೋಟ ತೊಳೆದಿಡಬಹುದು. ಹಾಲು ಇನ್ನೂ ಬೆಚ್ಚಗಾಗಿರಲಿಲ್ಲ, ಅಷ್ಟರಲ್ಲೇ ಅಂಗಳದ ಕಲ್ಲಿನ ಮೇಲೆ ನೀರು ಬೀಳುವ ಸದ್ದು ಕೇಳಿಸಿತು. ಕೊಡ ತುಂಬಿ ಹರಿಯುತ್ತಿತ್ತು.

ಅವಳು ನಲ್ಲಿ ನಿಲ್ಲಿಸಿ ಗೋಡೆ ಗಡಿಯಾರ ನೋಡಿದಳು: ನಾಲ್ಕೇ ನಿಮಿಷ. ಆಮೇಲೆ ಒಂದು ಹಾಳೆಯಲ್ಲಿ ದೂರು ಬರೆದು, ಗಂಡನ ನೋಟುಪುಸ್ತಕ ಎತ್ತಿಕೊಂಡು ಹೊರಟಳು. ಠಾಣೆ ತಲುಪಿದಾಗ ಹತ್ತು ಗಂಟೆ ಐದು ನಿಮಿಷ.

ಇನ್‌ಸ್ಪೆಕ್ಟರ್ ವೃಷಭೇಂದ್ರಪ್ಪ ಅವಳ ಗಂಡ ಸತ್ತ ದಿನ ಮಹದೇಶ್ವರ ಬೆಟ್ಟದ ಬಂದೋಬಸ್ತಿನಲ್ಲಿದ್ದರು. ಈಗ ಹಾಳೆಯನ್ನು ಎರಡು ಸಲ ಓದಿದರು.

"ಕೂತ್ಕೊಳಿ. ದೂರು ಯಾರ ಮೇಲೆ?"

"ಯಾರ ಮೇಲೂ ಅಲ್ಲ ಸರ್. ಒಂದು ಮಾತಿನ ಮೇಲೆ."

ಅಸ್ವಾಭಾವಿಕ ಮರಣದ ವರದಿಯ ಪ್ರತಿಯನ್ನು ಅವಳು ಮೇಜಿನ ಮೇಲಿಟ್ಟಳು. ಮಾರ್ಚ್ 10, ಸೋಮವಾರ. ಮೃತ ಶಿವಕುಮಾರಸ್ವಾಮಿ, 34 ವರ್ಷ, ವಿಜ್ಞಾನ ಶಿಕ್ಷಕ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿ, ಸ್ವಂತ ಅಜಾಗರೂಕತೆಯಿಂದ ಮರಣ.

"ನಮ್ಮವರು ನೀರು ಹಿಡಿಯೋಕೆ ಮುಂಚೆ ಮೇನ್ ಇಳಿಸ್ತಿದ್ರು. ನಲ್ಲಿ ಪಕ್ಕದಲ್ಲೇ ಸ್ವಿಚ್ ಬೋರ್ಡ್ ಇದೆ ಅಂತ. ಅವತ್ತೂ ಇಳಿಸಿದ್ರು. ಮನೇಲಿ ಕರೆಂಟೇ ಇಲ್ದಿರುವಾಗ ಸ್ವಿಚ್ ಮುಟ್ಟಿ ಹೇಗೆ ಸತ್ರು? ಆ 'ಅಜಾಗರೂಕತೆ' ತೆಗೀಬೇಕು. ಅಷ್ಟೇ."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಅವತ್ತು ನನಗೆ ಮಾತು ಬರ್ತಿರಲಿಲ್ಲ."

ವೃಷಭೇಂದ್ರಪ್ಪ ನೋಟುಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಹೆಡ್ ಕಾನ್‌ಸ್ಟೇಬಲ್ ಚಿಕ್ಕಬಸಮ್ಮ ಟೀ ತರಿಸಿದಳು. ಹನ್ನೆರಡು ದಿನಗಳಲ್ಲಿ ತನ್ನನ್ನು ಸಮಾಧಾನ ಮಾಡಲು ಹೋಗದ ಮೊದಲ ಮನುಷ್ಯರು ಇವರು ಎಂದು ನಾಗಶ್ರೀಗೆ ಅನ್ನಿಸಿತು. ಅದರಿಂದಲೇ ಸ್ವಲ್ಪ ಸಮಾಧಾನವಾಯಿತು.

"ಈ ಪುಸ್ತಕ?"

"ಡಿಸೆಂಬರಿಂದ ಬೀದಿ ನೀರು ನಾರ್ತಿತ್ತು. ಮಕ್ಕಳಿಗೆಲ್ಲ ಭೇದಿ. ಲೆಕ್ಕ ಸಮೇತ ಅರ್ಜಿ ಕೊಡ್ಬೇಕು ಅಂತ, ಸ್ಕೂಲಿನ ಪಿ.ಟಿ. ಮೇಷ್ಟ್ರ ಹತ್ರ ಸ್ಟಾಪ್‌ವಾಚ್ ಇಸ್ಕೊಂಡು ಬಂದು, ಕೊಡ ತುಂಬೋ ಹೊತ್ತು ಬರೀತಿದ್ರು."

ಇನ್‌ಸ್ಪೆಕ್ಟರು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. ಇಪ್ಪತ್ತಾರು ನೀರಿನ ದಿನಗಳು. ಪ್ರತಿ ಸಲವೂ ಮೊದಲ ಕೊಡಕ್ಕೆ ನಾಲ್ಕು ನಿಮಿಷದ ಆಸುಪಾಸು, ಎರಡನೆಯದಕ್ಕೆ ಹನ್ನೊಂದು.

ಚಿಕ್ಕಬಸಮ್ಮ ಬಗ್ಗಿ ನೋಡಿ ನಕ್ಕಳು. "ಇದ್ಕೇನ್ ಪತ್ತೇದಾರಿ ಬೇಕು ಸಾ? ಮೊದಲ್ನೇ ಕೊಡ ತುಂಬೋ ಒತ್ಗೆ ಯಾರೋ ಎದ್ದು ಲೈನಿಗೇ ಮೋಟ್ರು ಆಕ್ತಾವ್ರೆ. ನಮ್ ಬೀದೀಲೂ ಇದೇ ಗೋಳು. ಮೋಟ್ರು ಇಟ್ಟೋರ ಮನೇಗೆ ಒಳೆ ನೀರು, ಮಿಕ್ಕೋರಿಗೆ ಮೂಗಿನ್ ನೀರು. ಮೇಲಾಗಿ ಪೈಪು ಎಲ್ಲಿ ತೂತಾಗಿದ್ದದೋ ಅಲ್ಲಿಂದ ಚರಂಡಿ ನೀರ್ನೂ ಎಳ್ಕತದೆ."

"ಇವತ್ತು ಎಷ್ಟು ಹೊತ್ತಾಯ್ತು?" ಇನ್‌ಸ್ಪೆಕ್ಟರ್ ನಾಗಶ್ರೀಯನ್ನು ಕೇಳಿದರು.

"ಎರಡನೇದೂ ನಾಲ್ಕೇ ನಿಮಿಷಕ್ಕೆ ತುಂಬಿತು."

"ಅಂದ್ರೆ ಮೋಟಾರ್ ಬಿಚ್ಚಿದಾರೆ." ಅವರು ಪುಸ್ತಕ ಮುಚ್ಚಿದರು. "ಸ್ಟಾಪ್‌ವಾಚ್ ಎಲ್ಲಿದೆ?"

"ಬೀರುವಲ್ಲಿ. ಅವರ ಕೈಯಿಂದ ಬಿಡಿಸಿ ಕೊಟ್ಟಿದ್ರು. ಗುಂಡಿ ಮುಟ್ಟಿಲ್ಲ."

ಇನ್‌ಸ್ಪೆಕ್ಟರ್ ಎದ್ದು ಟೋಪಿ ಹಾಕಿಕೊಂಡರು.

11.40ಕ್ಕೆ ನಾಗಶ್ರೀಯ ಮನೆಯಲ್ಲಿ ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಸ್ಟಾಪ್‌ವಾಚ್ ಕೀಲಿ ಕೊಡುವ ಹಳೆಯ ಗಡಿಯಾರ. ಮುಳ್ಳುಗಳು ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿನಲ್ಲಿ ನಿಂತಿದ್ದವು. ವೃಷಭೇಂದ್ರಪ್ಪ ಅದರ ಫೋಟೋ ತೆಗೆಸಿದರು, ವಿಡಿಯೋ ಮಾಡಿಸಿದರು. ಆಮೇಲೆ, ಮಂಡಿ ನೋವಿದ್ದರೂ, ನಲ್ಲಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ತಾವೇ ಒಮ್ಮೆ ಮಾಡಿ ನೋಡಿದರು.

"ಮೇಷ್ಟ್ರು ಬಂದ್ರು. ನಲ್ಲಿ ತಿರುಗಿಸಿದ್ರು. ಆಗ ಏನೂ ಆಗಲಿಲ್ಲ. ವಾಚ್ ಒತ್ತಿದ್ರು. ಕೊಡ ತುಂಬಿತು, ಮತ್ತೆ ಒತ್ತಿದ್ರು. ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ನಲ್ಲಿ ನಿಲ್ಲಿಸೋಕೆ ಕೈ ಹಾಕಿದ್ರು. ಆ ನಾಲ್ಕು ನಿಮಿಷದೊಳಗೆ ಎಲ್ಲಿಂದಲೋ ಈ ನಲ್ಲಿಗೆ ಕರೆಂಟ್ ಬಂದಿದೆ." ಅವರು ತಲೆಯೆತ್ತಿ ನಾಗಶ್ರೀಯನ್ನು ನೋಡಿದರು. "ಸಾಯೋ ಗಳಿಗೇಲೂ ಅಳತೆ ತಪ್ಪಿಲ್ಲ ಕಣಮ್ಮ ನಿಮ್ಮವರು."

ಯಾರೂ ಇದುವರೆಗೆ ಆಡದಿದ್ದ ಮಾತು ಅದು.

ವಿದ್ಯುತ್ ಕಚೇರಿಯ ಲೈನ್‌ಮನ್ ಉದಯಕುಮಾರ್ ಪೈಪಿನ ಜಾಡು ಹಿಡಿದು ಹೋದ. ಬೀದಿಯಿಂದ ಬಂದ ಕಬ್ಬಿಣದ ಪೈಪು ನಡುಗೋಡೆಯ ಬಳಿ ಎರಡಾಗಿ ಕವಲೊಡೆದು, ಒಂದು ಇಲ್ಲಿಗೆ, ಇನ್ನೊಂದು ಪಕ್ಕದ ಗುರುಪಾದಸ್ವಾಮಿಯ ಮನೆಗೆ ಹೋಗಿತ್ತು. ಗುರುಪಾದಸ್ವಾಮಿ ರೇಷ್ಮೆ ನೂಲಿನ ವ್ಯಾಪಾರಿ. ಅವತ್ತು ಮೊದಲು ಓಡಿ ಬಂದವರು, ಮರದ ಮಣೆಯಿಂದ ತಳ್ಳಿ ಅವಳ ಗಂಡ ಶಿವುವಿನ ಕೈ ಬಿಡಿಸಿದವರು, ಮಣ್ಣಿಗೆ ಹೆಗಲು ಕೊಟ್ಟವರು, ಆರಾಧನೆಯ ಅಡುಗೆ ನೋಡಿಕೊಂಡವರು ಅವರೇ. ಇವತ್ತು ನಾಗಶ್ರೀ ಕಾಯಿಸಲು ಇಟ್ಟಿದ್ದ ಹಾಲು ಕೂಡ ಅವರ ಮನೆಯಿಂದಲೇ ಬಂದದ್ದು.

"ಏನ್ ಕೂಸೇ, ಪೊಲೀಸ್ನೋರು ಮತ್ತೆ ಬಂದವ್ರೆ?" ಎನ್ನುತ್ತಾ ಅವರು ಹೊರಗೆ ಬಂದರು.

"ನಿಮ್ಮ ಕಡೆ ಪೈಪನ್ನೂ ನೋಡ್ಬೇಕು ಯಜಮಾನ್ರೆ," ಎಂದರು ಇನ್‌ಸ್ಪೆಕ್ಟರ್.

ನಡುಗೋಡೆಯ ಆಚೆ, ತುಕ್ಕು ಹಿಡಿದ ಪೈಪಿನ ಮೇಲೆ ಹೆಬ್ಬೆರಳಗಲದ ಒಂದು ಪಟ್ಟಿ ಮಾತ್ರ ಹೊಳೆಯುತ್ತಿತ್ತು.

"ಇಲ್ನೋಡಿ ಸಾ," ಎಂದ ಉದಯಕುಮಾರ್. "ಇಲ್ಲಿ ಕ್ಲಾಂಪ್ ಕೂತಿತ್ತು. ಅರ್ಥ್ ವೈರ್ನ ನಲ್ಲಿ ಪೈಪಿಗೆ ಕಟ್ಟವ್ರೆ. ನಮ್ಮಪ್ಪಂದಿರ ಕಾಲ್ದಲ್ಲಿ ಎಲ್ರೂ ಇಂಗೇ ಮಾಡೋರು. ಆಗ ಬೀದಿ ಪೂರಾ ಕಬ್ಣದ ಪೈಪು, ಕರೆಂಟು ನೆಲಕ್ಕೋಗೋದು. ಈಗ ರೋಡ್ ಕೆಳಗೆ ಪ್ಲಾಸ್ಟಿಕ್ ಆಗದೆ. ಉಳ್ದಿರೋ ಕಬ್ಣ ಇವೆರಡು ಮನೇದು ಮಾತ್ರ. ಮೋಟ್ರು ಮೈಗೆ ಕರೆಂಟ್ ಬಂದ್ರೆ ಇನ್ನೆಲ್ಲಿಗೋದದು? ಪಕ್ಕದ್ ನಲ್ಲಿಗೇಯ."

ಪೈಪಿನ ಕೆಳಗಿನ ಕಲ್ಲುಚಪ್ಪಡಿಯಲ್ಲಿ ನಾಲ್ಕು ತೂತುಗಳು. ಅವುಗಳಿಗೆ ತುಂಬಿದ ಸಿಮೆಂಟು ಹೊಸದಾಗಿತ್ತು. ಇನ್‌ಸ್ಪೆಕ್ಟರ್ ತೂತಿನಿಂದ ತೂತಿಗೆ ಅಳತೆ ತೆಗೆಸಿದರು.

"ಇಲ್ಲೊಂದು ಮೋಟಾರ್ ಇತ್ತಲ್ಲ, ಎಲ್ಲಿ?"

"ಮೋಟ್ರಾ? ನಮ್ಮನೇಲಿ ಎಲ್ಲದೆ ಸಾ ಮೋಟ್ರು?"

"ಮಹಡಿ ಮೇಲೆ ಮಗು ಬಟ್ಟೆ ಒಣಗ್ತಿದೆ."

"ನಮ್ ಮಗ್ಳು ಸಾ, ಮಾಲಿನಿ. ಬಾಣಂತನಕ್ಕೆ ಬಂದವ್ಳೆ. ಕೂಸ್ಗೆ ಮೂರ್ ತಿಂಗ್ಳು."

"ಮಹಡಿಗೆ ನೀರು ಹೇಗೆ ಏರತ್ತೆ?"

"ಒತ್ತಾಕ್ತೀವಿ."

"ಯಾರು ಹೊರ್ತಾರೆ?"

ಗುರುಪಾದಸ್ವಾಮಿ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಮಹಡಿಯ ಕಡೆ ನೋಡಿದರು. ಇನ್‌ಸ್ಪೆಕ್ಟರ್ ಮಹಡಿಯ ಟ್ಯಾಂಕಿನಲ್ಲಿ ಉಳಿದಿದ್ದ ನೀರನ್ನು ಬಾಟಲಿಗೆ ತುಂಬಿಸಿ, ಸೀಲು ಹಾಕಿಸಿ, ಪರೀಕ್ಷೆಗೆ ಕಳಿಸಿದರು. ಸಂಜೆ 4.30ಕ್ಕೆ ಎಫ್.ಐ.ಆರ್. ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 106(1), 238. ನಿರ್ಲಕ್ಷ್ಯದಿಂದ ಮರಣ, ಸಾಕ್ಷ್ಯನಾಶ. ಆರೋಪಿ ಎಂಬಲ್ಲಿ 'ಅಪರಿಚಿತ' ಎಂದು ಬರೆಸಿದರು.

"ಹೆಸರು ಗೊತ್ತಲ್ಲ ಸರ್," ಎಂದಳು ನಾಗಶ್ರೀ.

"ನಮಗೆ ಗೊತ್ತಿದ್ರೆ ಸಾಲದಮ್ಮ. ಅದನ್ನ ಮೋಟಾರ್ ಹೇಳ್ಬೇಕು. ಹೊರಗಿಂದ ಚೆನ್ನಾಗಿರೋ ಮೋಟಾರನ್ನ ನಮ್ಮೂರಿನವರು ಯಾರೂ ಹೊಳೆಗೆ ಎಸೆಯಲ್ಲ, ರಿಪೇರಿಗೆ ಕೊಡ್ತಾರೆ. ಈ ಊರಲ್ಲಂತೂ ಕೊಟ್ಟಿರಲ್ಲ."

ಸೋಮವಾರ ಚಿಕ್ಕಬಸಮ್ಮ ಮಫ್ತಿಯಲ್ಲಿ ಯಳಂದೂರಿಗೆ ಹೋಗಿ ಬರಿಗೈಲಿ ಬಂದಳು; ಮಧ್ಯಾಹ್ನ ಹನೂರಿಗೆ ಹೋದಳು. ಅಲ್ಲಿ ಎರಡನೆಯ ಮೋಟಾರ್ ರಿಪೇರಿ ಅಂಗಡಿಯ ಮೂಲೆಯಲ್ಲಿ ಅರ್ಧ ಎಚ್‌ಪಿಯ ಮೋಟಾರಿತ್ತು. ಅದಕ್ಕೆ ಕಟ್ಟಿದ ಚೀಟಿಯಲ್ಲಿ ಗುರುಪಾದಸ್ವಾಮಿಯ ಫೋನ್ ನಂಬರು, ಮಾರ್ಚ್ 12ರ ತಾರೀಖು. ಶಿವುವನ್ನು ಮಣ್ಣು ಮಾಡಿದ ಮಾರನೆಯ ದಿನ. ಒಳಗಿನ ತಂತಿಸುತ್ತು ಸುಟ್ಟು ಹೊರಮೈಗೆ ಕರೆಂಟು ಇಳಿದಿದೆ, ಇನ್ನೂ ಬಿಚ್ಚಿಲ್ಲ ಎಂದು ಅಂಗಡಿಯವನು ಹೇಳಿಕೆ ಕೊಟ್ಟ.

ಮಂಗಳವಾರ, ಮಾರ್ಚ್ 25, ಮತ್ತೆ ನೀರಿನ ದಿನ. ಬೆಳಿಗ್ಗೆ 7.10ಕ್ಕೆ ಜೀಪು ಬಂತು. ಇನ್‌ಸ್ಪೆಕ್ಟರ್ ಏನೂ ಕೇಳದೆ ಮೋಟಾರನ್ನು ಚಪ್ಪಡಿಯ ಮೇಲೆ ಇಡಿಸಿದರು. ಅದರ ಪಾದದ ನಾಲ್ಕು ತೂತುಗಳು ಸಿಮೆಂಟು ತುಂಬಿದ ನಾಲ್ಕರ ಮೇಲೆ ಸರಿಯಾಗಿ ಕೂತವು. ಕೊಡ ಹಿಡಿದು ಬಂದವರೆಲ್ಲ ನೋಡುತ್ತ ನಿಂತರು.

ಗುರುಪಾದಸ್ವಾಮಿ ಮೆಟ್ಟಿಲ ಮೇಲೆ ಕೂತರು.

"ಮಾವ," ಎಂದಳು ನಾಗಶ್ರೀ. ಅವಳ ದನಿ ಏರಲಿಲ್ಲ. "ಒದ್ದೆ ಕೈ ಅಂತ ಬರೆಸಿದ್ದು ನೀವೇನಾ?"

"ಊಂ ಕೂಸೇ. ಯಾರೋ ಕೇಳುದ್ರು, ಬಾಯ್ಗೆ ಬಂತು, ಏಳ್ಬುಟ್ಟಿ. ಸ್ವಿಚ್ ಆಕ್ದವ್ನು ನಾನೇ. ಅವನ್ ಕೂಗು ಕೇಳ್ತಿದ್ದಂಗೇ ಆಫ್ ಮಾಡ್ದಿ. ಮಾಡ್ಬುಟ್ಟೇ ಓಡ್ಬಂದಿ ಕನವ್ವ." ಅವರು ಮುಖ ಒರೆಸಿಕೊಂಡರು. "ಮಗ್ಳು ಬಾಣಂತಿ. ಮಾಡೀಗೆ ನೀರೇ ಅತ್ತಾಕಿಲ್ಲ. ಅವಳವ್ವ ಇದ್ದಿದ್ರೆ ಒರೋಳು. ನನ್ ಬೆನ್ನು ಬತ್ತದಾ? ಮೂರ್ ತಿಂಗ್ಳ ಮಟ್ಗೆ ಅಂದ್ಕಂಡು ಇಟ್ಟಿ. ಆದ್ರೂವೆ ಮೊದಲ್ನೇ ಕೊಡ ಎಲ್ರೂ ಇಡ್ಕಳ್ಲಿ ಅಂತ ನಾಕು ನಿಮ್ಸ ತಡ್ದೇ ಆಕ್ತಿದ್ದಿ."

ವೃಷಭೇಂದ್ರಪ್ಪ ಪರೀಕ್ಷಾ ವರದಿಯನ್ನು ಜೇಬಿನಿಂದ ತೆಗೆದರು. ಓದಲೋ ಬೇಡವೋ ಎಂಬಂತೆ ಒಮ್ಮೆ ಮಹಡಿಯ ಕಡೆ ನೋಡಿದರು. ಕೊನೆಗೆ ಮೆಲ್ಲಗೆ ಹೇಳಿದರು. "ಟ್ಯಾಂಕಿನ ನೀರಲ್ಲಿ ಚರಂಡಿ ಸೇರಿದೆ. ಮಗು ಬಾಟಲಿ ಅದರಲ್ಲಿ ತೊಳೀಬೇಡಿ. ಟ್ಯಾಂಕ್ ಖಾಲಿ ಮಾಡ್ಸಿ."

"ಕೂಸ್ಗೆ ಭೇದಿ ನಿಲ್ತಾನೇ ಇರ್ನಿಲ್ಲ," ಎಂದರು ಗುರುಪಾದಸ್ವಾಮಿ. "ನಾನೇ ಎಳ್ದೆಳ್ದು ತುಂಬುಸ್ತಿದ್ನಾ ಸಾ?"

7.45ಕ್ಕೆ ದಸ್ತಗಿರಿ. ಕೈಕೋಳ ಹಾಕಲಿಲ್ಲ, ಚಿಕ್ಕಬಸಮ್ಮ ಅವರ ಚಪ್ಪಲಿ ಹುಡುಕಿ ತಂದು ಕಾಲ ಬಳಿ ಇಟ್ಟಳು. ನಾಗಶ್ರೀ ಒಳಗೆ ಹೋಗಿ, ತುಂಬಿದ ತನ್ನ ಎರಡನೆಯ ಕೊಡವನ್ನು ಎತ್ತಿಕೊಂಡು ಬಂದು, ಮಹಡಿ ಹತ್ತಿ ಮಾಲಿನಿಯ ಬಾಗಿಲಲ್ಲಿಟ್ಟಳು.

"ಕಾಯಿಸಿ ಬಳಸು," ಎಂದಷ್ಟೇ ಹೇಳಿ ಇಳಿದಳು.

ಏಪ್ರಿಲ್ ಕೊನೆಗೆ ದೋಷಾರೋಪಣ ಪಟ್ಟಿ ಸಲ್ಲಿಕೆಯಾಯಿತು. ಅದರ ಪ್ರತಿಯನ್ನು ವೃಷಭೇಂದ್ರಪ್ಪ ತಾವೇ ಮನೆಗೆ ತಂದುಕೊಟ್ಟು, ಮೂರನೆಯ ಪುಟದ ಒಂದು ಸಾಲು ತೋರಿಸಿದರು: 'ಮೃತರು ತಮ್ಮ ಮನೆಯ ವಿದ್ಯುತ್ತನ್ನು ಮುಂಚಿತವಾಗಿ ನಿಲ್ಲಿಸಿ, ಎಲ್ಲ ಎಚ್ಚರಿಕೆ ವಹಿಸಿದ್ದರು.' ನಾಗಶ್ರೀ ಅದನ್ನು ಓದುವಷ್ಟು ಹೊತ್ತೂ ಅವರು ನಿಂತೇ ಇದ್ದರು.

ಜುಲೈಯಲ್ಲಿ, ಸ್ಟಾಪ್‌ವಾಚನ್ನು ಶಾಲೆಗೆ ಹಿಂದಿರುಗಿಸಲು ನ್ಯಾಯಾಲಯ ಆದೇಶ ಮಾಡಿತು. ಕಾನ್‌ಸ್ಟೇಬಲ್ ಕೈಲಿ ಕಳಿಸಬಹುದಿತ್ತು. "ನೀವು ಕೊಟ್ಟು ಬರ್ತೀರಾ?" ಎಂದು ಇನ್‌ಸ್ಪೆಕ್ಟರ್ ಫೋನಿನಲ್ಲಿ ಕೇಳಿದರು.

ಅವಳು ಶಾಲೆಯಿದ್ದ ಕುಂತೂರಿನ ಬಸ್ಸು ಹತ್ತಿದಳು. ಕಬ್ಬಿನ ಟ್ರಾಕ್ಟರುಗಳ ಹಿಂದೆ ಬಸ್ಸು ನಿಧಾನವಾಗಿ ಹೋಯಿತು. ಶಾಲೆಯ ಮೈದಾನದಲ್ಲಿ ಪಿ.ಟಿ. ಮೇಷ್ಟ್ರು ಬಸವರಾಜು ಹುಡುಗಿಯರನ್ನು ಸುಣ್ಣದ ಗೆರೆಯ ಮೇಲೆ ನಿಲ್ಲಿಸಿದ್ದರು. ಬಸವರಾಜು ಬಿಳಿಗಿರಿ ಬೆಟ್ಟದ ಪೋಡಿನಿಂದ, ಕಾಡಿನ ಹಟ್ಟಿಯಿಂದ, ಬಂದವರು; ಶಿವುವಿನ ಗೆಳೆಯ. ಅವಳನ್ನು ಕಂಡು ತಲೆಯ ಟೋಪಿ ತೆಗೆದರು.

"ಎರಡು ದಿನಕ್ಕೆ ಅಂತ ಇಸ್ಕೊಂಡಿದ್ರಂತೆ," ಎಂದಳು ನಾಗಶ್ರೀ. "ತಡ ಆಯ್ತು."

ಬಸವರಾಜು ಗಡಿಯಾರವನ್ನು ಅಂಗೈಯಲ್ಲಿ ಹಿಡಿದು ನೋಡಿದರು. ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಅವರ ಹೆಬ್ಬೆರಳು ಗುಂಡಿಯ ಹತ್ತಿರ ಹೋಗಿ ನಿಂತಿತು.

"ಇದನ್ನ ಹಿಂಗೇ ಇಟ್ಬುಡ್ಲಾ ಮೇಡಮ್?"

ಗೆರೆಯ ಮೇಲೆ ಹುಡುಗಿಯರು ಬಗ್ಗಿ ಕಾಯುತ್ತಿದ್ದರು. ಒಬ್ಬಳ ಜಡೆ ಮಣ್ಣಿಗೆ ತಾಗಿತ್ತು.

ನಾಗಶ್ರೀ ಕೈ ಚಾಚಿ, ತಾನೇ ಗುಂಡಿ ಒತ್ತಿದಳು. ಮುಳ್ಳು ಸೊನ್ನೆಗೆ ಹಾರಿತು.

"ಕೀಲಿ ಕೊಡ್ಬೇಕು," ಎಂದಳು. "ನಿಂತು ತುಂಬಾ ದಿನ ಆಯ್ತು."