ಗುಬ್ಬಿ ಕಾಯುತ್ತಿದೆ

"ಕೈ ತೆಗೀರಿ."

ಅವಳ ತೋರುಬೆರಳು ಸರ್ವರ್‌ನ ಪವರ್ ಬಟನ್ ಒತ್ತಲು ಹೊರಟಿತ್ತು. ಇನ್ನೇನು ಒತ್ತಬೇಕು, ಅಷ್ಟರಲ್ಲಿ ಎಲ್ಲಿಂದಲೋ ಒಂದು ಅಂಗೈ ಬಂದು ಬಟನ್ ಮುಚ್ಚಿಬಿಟ್ಟಿತು. ಈಗ ಅವಳ ಬೆರಳು ಇದ್ದದ್ದು ಗುರುತು ಪರಿಚಯವಿಲ್ಲದ ಒಬ್ಬ ಗಂಡಸಿನ ಕೈಯ ಮೇಲೆ.

"ನೀವು ತೆಗೀರಿ," ಎಂದಳು. ದನಿ ಗಟ್ಟಿಯಾಗಿಯೇ ಇತ್ತು.

"ನಾನು ತೆಗೆದ್ರೆ ನೀವು ಒತ್ತುತೀರಿ."

"ಒತ್ತದೆ ಮತ್ತೇನು, ಲಾಲಿ ಹಾಡ್ಲಾ? ಹೊರಗೆ ಅಷ್ಟು ಜನ ಕೂತಿದ್ದಾರೆ. ಒಬ್ಬರ ರಿಪೋರ್ಟೂ ಬರ್ತಿಲ್ಲ."

"ಒತ್ತಿದ್ರೆ ಸರಿಹೋಗುತ್ತೆ, ಗೊತ್ತು. ಆದ್ರೆ ಯಾಕೆ ನಿಂತಿತು ಅನ್ನೋದೂ ಅದರ ಜೊತೆಗೇ ಅಳಿಸಿಹೋಗುತ್ತೆ. ನಾಳೆ ಮತ್ತೆ ನಿಲ್ಲುತ್ತೆ. ನೀವು ಮತ್ತೆ ಬಂದು ಒತ್ತುತೀರಿ."

ಅವನು ಹೇಳಿದ್ದು ನಿಜ. ನಿಜವಾದ್ದರಿಂದಲೇ ಅವಳ ಸಿಟ್ಟು ನೆತ್ತಿಗೇರಿತು. ಅವನ ಕೈಯನ್ನು ಪಕ್ಕಕ್ಕೆ ಸರಿಸಿ ಒತ್ತಿಯೇ ಬಿಟ್ಟಳು. ಪೆಟ್ಟಿಗೆ ಸುಯ್ಯೆಂದು ಆರಿತು, ಮತ್ತೆ ಹೊತ್ತಿಕೊಂಡಿತು. ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡ.

ನಮ್ಮ ಹುಡುಗಿಯ ಸ್ವಭಾವವೇ ಅಂಥದ್ದು. ಏನೇ ತೊಡಕಾಗಲಿ, ಆರಿಸಿಬಿಡಬೇಕು, ಹೊಸದಾಗಿ ಶುರುಮಾಡಬೇಕು. ಗೆಳತಿಯೊಬ್ಬಳು ಒರಟಾಗಿ ಒಂದು ಮಾತು ಆಡಿದಳೆಂದು ಗೆಳೆತನವನ್ನೇ ಬಿಟ್ಟವಳು. ಮನೆಯಲ್ಲಿ ಮುನಿಸಾದರೆ ಫೋನು ಆರಿಸಿ ಕೋಣೆ ಸೇರಿಕೊಳ್ಳುವವಳು. ಯಾಕೆ ಹೀಗಾಯಿತು ಎಂದು ಹಿಂತಿರುಗಿ ನೋಡುವ ಅಭ್ಯಾಸ ಅವಳಿಗಿರಲಿಲ್ಲ. ಅಪ್ಪ ಹೋದ ಮೇಲೆ ಹಿಂತಿರುಗಿ ನೋಡಿದಾಗೆಲ್ಲ ಅಳುವೇ ಬರುತ್ತಿತ್ತು, ಅದಕ್ಕೇ.

ಅದು ಅವಳ ಚಿಕ್ಕಮ್ಮ ನಡೆಸುವ ಸ್ಕ್ಯಾನಿಂಗ್ ಸೆಂಟರ್. ಚಿಕ್ಕಮ್ಮನೇ ಅಲ್ಲಿನ ಡಾಕ್ಟರು. ಅಪ್ಪ ತೀರಿಕೊಂಡ ಮೇಲೆ ಅಕ್ಕನ ಮಗಳನ್ನು ಮನೆಗೆ ಕರೆತಂದು, ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ಕೊಟ್ಟವರೂ ಅವರೇ. "ಡಾಕ್ಟರ ಕಡೆಯೋಳು, ಅದಕ್ಕೇ ಕೆಲಸ ಸಿಕ್ತು" ಎಂಬ ಮಾತು ಅವಳ ಬೆನ್ನ ಹಿಂದೆ ಓಡಾಡುತ್ತಿತ್ತು. ಆ ಮಾತಿಗೆ ಉತ್ತರವಾಗಿ ಅವಳು ತಾನೇ ಕೂತು ಒಂದು ಪ್ರೋಗ್ರಾಂ ಬರೆದಿದ್ದಳು. ಯಾರು ಎಷ್ಟು ಹೊತ್ತಿಗೆ ಬರಬೇಕು, ಯಾರ ಸ್ಕ್ಯಾನ್ ಆಯಿತು, ಯಾರ ರಿಪೋರ್ಟ್ ಸಿದ್ಧವಾಯಿತು, ಎಲ್ಲವನ್ನೂ ಅದೇ ನೋಡಿಕೊಳ್ಳುತ್ತಿತ್ತು.

ಅದಕ್ಕೆ ಅವಳಿಟ್ಟ ಹೆಸರು ಗುಬ್ಬಿ. ಅಪ್ಪ ಅವಳನ್ನು ಕರೆಯುತ್ತಿದ್ದದ್ದು ಹಾಗೆ. ಅಪ್ಪನ ಜೊತೆ ಆ ಹೆಸರೂ ಹೋಗಿಬಿಟ್ಟಿತ್ತು. ಈಗ ಅದು ಉಳಿದಿದ್ದದ್ದು ಈ ಪ್ರೋಗ್ರಾಂನಲ್ಲಿ ಮಾತ್ರ. ಆ ಗುಟ್ಟು ಸೆಂಟರ್‌ನಲ್ಲಿ ಚಿಕ್ಕಮ್ಮನಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ.

ಆದರೆ ಕೆಲವು ತಿಂಗಳಿಂದ ಸರ್ವರ್ ಮಧ್ಯಾಹ್ನದ ಹೊತ್ತಿಗೆ ಕಲ್ಲಾಗಿ ನಿಂತುಬಿಡುತ್ತಿತ್ತು. ಚಿಕ್ಕಮ್ಮ ಖಡಾಖಂಡಿತವಾಗಿ ಹೇಳಿದ್ದರು. "ಹೊರಗಿನವರೊಬ್ಬರನ್ನ ಕರೆಸ್ತಿದ್ದೀನಿ. ನಿನ್ನ ಪ್ರೋಗ್ರಾಂದೇ ತಪ್ಪು ಅಂತ ಅವರು ಹೇಳಿದ್ರೆ ಗುಬ್ಬೀನ ತೆಗೆದು ಬೇರೆ ತರಿಸ್ತೀನಿ. ನೀನು ಕೌಂಟರ್‌ನಲ್ಲಿ ಕೂರು. ಬೇಜಾರು ಮಾಡ್ಕೋಬೇಡ ಕಣೇ, ಇದು ರೋಗಿಗಳ ವಿಷಯ."

ಆ ಹೊರಗಿನವನೇ ಈಗ ಕನ್ನಡಕ ಒರೆಸಿಕೊಳ್ಳುತ್ತಾ ನಿಂತಿದ್ದವನು.

*

ಕೌಂಟರ್ ಅಕ್ಕ ಅವನಿಗೆ ಮೊದಲ ದಿನವೇ ಹೆಸರಿಟ್ಟಳು. ಪತ್ತೇದಾರ.

ಪತ್ತೇದಾರ ಸರ್ವರ್ ರೂಮಿನ ಮೂಲೆಯಲ್ಲಿ ಕುರ್ಚಿ ಎಳೆದುಕೊಂಡು ಕೂತ. ಕಂಪ್ಯೂಟರಿಗೆ ನೇರವಾಗಿ ಆಜ್ಞೆ ಕೊಡುವ ಕಪ್ಪು ತೆರೆಯನ್ನು ಬಿಚ್ಚಿ ಒಂದೇ ಒಂದು ಸಾಲು ಟೈಪ್ ಮಾಡಿದ. ತೆರೆ ತುಂಬಾ ಅಂಕಿಗಳು ಮೂಡಿದವು, ತುಸು ಹೊತ್ತಿಗೊಮ್ಮೆ ಬದಲಾದವು.

"ಇದೇನು ಮಾಡುತ್ತೆ?" ಕೇಳಬಾರದು ಎಂದುಕೊಂಡೇ ಕೇಳಿದಳು.

"ನೋಡುತ್ತೆ. ಬರೆದಿಡುತ್ತೆ. ಅಷ್ಟೇ. ಪ್ರೊಸೆಸರ್ ಎಷ್ಟು ದುಡೀತು, ಮೆಮೊರಿ ಎಷ್ಟು ತುಂಬಿತು, ಡಿಸ್ಕ್ ಎಷ್ಟು ಓಡಾಡಿತು, ಯಾವ ಪ್ರೋಗ್ರಾಂ ಏನು ಮಾಡ್ತಿತ್ತು ಅಂತ ಹತ್ತು ಸೆಕೆಂಡಿಗೊಮ್ಮೆ ಫೈಲಿಗೆ ಇಳಿಸುತ್ತೆ. ಆಮೇಲೆ ಬೇಕಾದಾಗ ಹಿಂದಕ್ಕೆ ಹೋಗಿ ನೋಡಬಹುದು. ಚಿಕ್ಕ ಟಿ ಒತ್ತಿದ್ರೆ ಒಂದು ಹೆಜ್ಜೆ ಮುಂದೆ, ದೊಡ್ಡ ಟಿ ಒತ್ತಿದ್ರೆ ಒಂದು ಹೆಜ್ಜೆ ಹಿಂದೆ."

"ಮತ್ತೆ ರಿಪೇರಿ?"

"ರಿಪೇರಿ ಆಮೇಲೆ. ಮೊದಲು ಅದು ಇನ್ನೊಂದು ಸಲ ನಿಲ್ಲಬೇಕು."

"ನಿಲ್ಲದಿದ್ರೆ?"

"ಕಾಯ್ತೀನಿ," ಎಂದು ನಕ್ಕ. "ನನಗೆ ಕಾಯೋದು ಬರುತ್ತೆ."

ತಮಾಷೆ ನೋಡಿ... ಸರ್ವರ್ ನಿಲ್ಲಲೇ ಇಲ್ಲ! ಅದೇ ದಿನ ಸಂಜೆ ಚಿಕ್ಕಮ್ಮ ವೈದ್ಯರ ಸಮ್ಮೇಳನಕ್ಕೆಂದು ಹೊರಟುಹೋದರು. ಆ ವಾರವಿಡೀ ಪೆಟ್ಟಿಗೆ ಮಗುವಿನಂತೆ ತಣ್ಣಗೆ ಕೆಲಸ ಮಾಡಿತು. ಪತ್ತೇದಾರ ಬೆಳಿಗ್ಗೆ ಬರುವುದು, ಹಿಂದಿನ ದಿನದ ದಾಖಲೆ ತೆರೆಯುವುದು, ಏನೂ ಸಿಗದೆ ತಲೆ ಕೆರೆದುಕೊಳ್ಳುವುದು. ಅವಳು ಚಹಾ ತಂದುಕೊಡುವುದು. ಮೊದಲ ದಿನ ಕೊಟ್ಟದ್ದು ಮರ್ಯಾದೆಗೆ. ಆಮೇಲಾಮೇಲೆ ಯಾತಕ್ಕೆ ಎಂದು ಅವಳೇ ತನ್ನನ್ನು ಕೇಳಿಕೊಳ್ಳಲಿಲ್ಲ.

ಅವನು ಗುಬ್ಬಿಯ ಕೋಡ್ ಓದಿದ. ಓದಿ ಒಂದು ಸಾಲಿನ ಮೇಲೆ ಬೆರಳಿಟ್ಟ. "ವಯಸ್ಸಾದವರು ಹೆಚ್ಚು ಹೊತ್ತು ಕಾಯಬಾರದು ಅಂತ ಅವರನ್ನ ಮುಂದಕ್ಕೆ ತಂದಿದ್ದೀರಿ. ಯಾರು ಹೇಳಿದ್ರು ಹೀಗೆ ಮಾಡಿ ಅಂತ?"

"ಯಾರೂ ಹೇಳ್ಲಿಲ್ಲ. ಅಪ್ಪ ಆಸ್ಪತ್ರೆಗಳಲ್ಲಿ ತುಂಬಾ ಕಾದಿದ್ರು..."

ಅವನು ಚಹಾದ ಲೋಟವನ್ನು ಅವಳ ಕಡೆಗೆ ಸರಿಸಿದ. ಯಾರ ಮುಂದೆಯೂ ಆಡದ ಮಾತು ಇವನ ಮುಂದೆ ತಾನಾಗಿ ಬಂತಲ್ಲ ಎಂದು ಅವಳಿಗೆ ಬೆರಗಾಯಿತು. ಎದೆ ಹಗುರಾಗಿತ್ತು.

"ಏನೇ, ಸರ್ವರ್ ರೂಮಲ್ಲಿ ಎಸಿ ಅಷ್ಟು ಚೆನ್ನಾಗಿದೆಯಾ?" ಕೌಂಟರ್ ಅಕ್ಕ ಕಾಲೆಳೆದಳು. "ಬೆಳಿಗ್ಗೆಯಿಂದ ಅಲ್ಲೇ ಠಿಕಾಣಿ."

"ಸುಮ್ನಿರಕ್ಕಾ."

ಅವಳ ಮನಸ್ಸಿನಲ್ಲಿ ಈಗ ಎರಡು ಆಸೆ. ಸರ್ವರ್ ಬೇಗ ನಿಲ್ಲಲಿ, ಗುಬ್ಬಿಯ ಮೇಲಿನ ಕಳಂಕ ಕಳೆಯಲಿ. ಸರ್ವರ್ ನಿಲ್ಲದೇ ಇರಲಿ... ನಿಂತರೆ ಇವನು ಹೊರಟುಹೋಗುತ್ತಾನೆ.

*

ಚಿಕ್ಕಮ್ಮ ವಾಪಸು ಬಂದ ಮಧ್ಯಾಹ್ನವೇ ಅದು ನಿಂತಿತು.

ಹೊರಗೆ ಗಲಾಟೆ ಎದ್ದಿತು. ಕೌಂಟರ್ ಅಕ್ಕ ಜನರನ್ನು ಸಮಾಧಾನ ಮಾಡುತ್ತಾ ಸೋತಳು. ನಮ್ಮ ಹುಡುಗಿ ಸರ್ವರ್ ರೂಮಿಗೆ ಓಡಿದಳು. ಅವನು ಗಡಿಯಾರ ನೋಡಿ ಹೇಳಿದ. "ಈಗ ಒತ್ತಿ. ನಮಗೆ ಬೇಕಾದ್ದು ಫೈಲಿನಲ್ಲಿದೆ." ಅವಳು ಒತ್ತಿದಳು. ಪೆಟ್ಟಿಗೆ ಎದ್ದ ಮೇಲೆ ಅವನು ದಾಖಲೆಯನ್ನು ತನ್ನ ಲ್ಯಾಪ್‌ಟಾಪಿಗೂ ಇಳಿಸಿಕೊಂಡು ಚಿಕ್ಕಮ್ಮನ ಕೋಣೆಗೆ ಹೋದ. ಅವಳು ರಿಪೋರ್ಟ್‌ಗಳೆಲ್ಲ ಹೊರಟವೇ ಎಂದು ನೋಡಿಕೊಂಡು ಹಿಂದೆಯೇ ಹೋದಳು.

ಬಾಗಿಲು ಅರೆತೆರೆದಿತ್ತು. ಅವನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

"ಮೇಲಿಂದ ಕೆಳಗಿನವರೆಗೂ ಗುಬ್ಬಿನೇ ಕಾಣ್ತಿದೆ ಡಾಕ್ಟ್ರೇ, ನೋಡಿ. ಇದನ್ನ ನೋಡಿದ ಯಾರೇ ಆದ್ರೂ ಹೇಳೋದು ಒಂದೇ. ಗುಬ್ಬೀನ ಕೊಂದುಹಾಕಿ, ಎಲ್ಲ ಸರಿಹೋಗುತ್ತೆ ಅಂತ..."

ಅವಳಿಗೆ ಮುಂದಿನದು ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ಅವಳು ಅಲ್ಲಿರಲೇ ಇಲ್ಲ.

'ಗುಬ್ಬೀನ ಕೊಂದುಹಾಕಿ!' ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸುವುದಕ್ಕೆ ಈ ಕಸುಬಿನವರು ಕೊಲ್ಲುವುದು ಎಂದೇ ಹೇಳುತ್ತಾರೆ. ಅವಳೂ ನೂರು ಸಲ ಹೇಳಿದ್ದಾಳೆ. ಆದರೂ ಆ ಬಾಯಿಂದ ಆ ಹೆಸರಿನ ಜೊತೆ ಆ ಮಾತು! ಚಹಾ ಕುಡಿದವನು. ಅಪ್ಪನ ವಿಷಯ ಕೇಳಿ ಲೋಟ ಸರಿಸಿದವನು...

ನೇರ ಸರ್ವರ್ ರೂಮಿಗೆ ಬಂದಳು. ಕಪ್ಪು ತೆರೆಯ ಮೇಲೆ ಅವನ ದಾಖಲೆ ತೆರೆದೇ ಇತ್ತು. 'ಅಳಿಸಿಬಿಡ್ತೀನಿ. ಕಂಪ್ಯೂಟರೂ ಬೇಡ, ಇವನೂ ಬೇಡ. ನಾಳೆಯಿಂದ ಬೇರೆ ಊರು, ಬೇರೆ ಕೆಲಸ.' ಒಂದು ಸಾಲು ಟೈಪ್ ಮಾಡಿದರೆ ಮುಗಿಯಿತು. ಫೈಲೇ ಇರುವುದಿಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ನಕಲಿದೆ ಎಂಬುದು ಆ ಸಿಟ್ಟಿನಲ್ಲಿ ಅವಳಿಗೆ ಹೊಳೆಯಲಿಲ್ಲ.

ಬೆರಳು ಕೀಲಿಯ ಮೇಲೆ ನಿಂತಿತು. ಆ ಬೆರಳಿನ ಕೆಳಗೆ ಒಂದು ಬೆಚ್ಚಗಿನ ಅಂಗೈ ಇದ್ದ ನೆನಪಾಯಿತು. ಯಾಕೆ ನಿಂತಿತು ಅನ್ನೋದೂ ಅದರ ಜೊತೆಗೇ ಅಳಿಸಿಹೋಗುತ್ತೆ.

'ಒಂದೇ ಒಂದು ಸಲ ನೋಡಿಬಿಡ್ತೀನಿ,' ಎಂದುಕೊಂಡಳು. 'ನನ್ನ ತಪ್ಪಾದ್ರೂ ಸರಿ, ನಾನೇ ನೋಡ್ತೀನಿ.'

ದೊಡ್ಡ ಟಿ ಒತ್ತಿದಳು. ಒಂದು ಹೆಜ್ಜೆ ಹಿಂದೆ. ಇನ್ನೊಂದು ಹೆಜ್ಜೆ. ಮತ್ತೊಂದು.

ಹೌದು, ತೆರೆ ತುಂಬಾ ಗುಬ್ಬಿಯೇ. ಕೌಂಟರ್‌ನ ಒಂದು ಗುಬ್ಬಿ, ಎಕ್ಸ್‌ರೇ ಕೋಣೆಯ ಒಂದು ಗುಬ್ಬಿ, ರಿಪೋರ್ಟ್ ಬರೆಯುವವರ ಗುಬ್ಬಿಗಳು. ಅವಳ ಕಣ್ಣು ಮಂಜಾಯಿತು. ಒರೆಸಿಕೊಂಡು ಮತ್ತೆ ನೋಡಿದಳು. ಪ್ರತಿ ಗುಬ್ಬಿಯ ಸಾಲಿನಲ್ಲೂ ಒಂದೇ ಅಕ್ಷರ. ಡಿ. ಅದರ ಅರ್ಥ ಅವನೇ ಚಹಾ ಕುಡಿಯುತ್ತಾ ಹೇಳಿದ್ದ. ಡಿ ಅಂದ್ರೆ ಡಿಸ್ಕ್‌ಗಾಗಿ ಕಾಯ್ತಾ ಕೂತಿದೆ ಅಂತ. ಕೆಲಸವಿಲ್ಲ, ಎದ್ದು ಹೋಗೋ ಹಾಗೂ ಇಲ್ಲ. ಪ್ರೊಸೆಸರ್ ಲೆಕ್ಕ ನೋಡಿದಳು. ಗುಬ್ಬಿಗಳ ಮುಂದೆ ಸೊನ್ನೆ, ಸೊನ್ನೆ, ಸೊನ್ನೆ.

ಗುಬ್ಬಿ ಏನೂ ಮಾಡುತ್ತಿರಲಿಲ್ಲ. ಕಾಯುತ್ತಿತ್ತು.

ಹಾಗಾದರೆ ಡಿಸ್ಕ್ ಯಾರ ಕೈಯಲ್ಲಿತ್ತು? ಡಿಸ್ಕ್‌ನ ಸಾಲು ಕೆಂಪಗೆ ಉರಿಯುತ್ತಿತ್ತು. ಡಿಸ್ಕ್ ಬಳಕೆಯ ಪ್ರಕಾರ ಜೋಡಿಸಲು ದೊಡ್ಡ ಡಿ ಕೀಲಿ ಒತ್ತಿದಳು. ಗುಬ್ಬಿಗಳೆಲ್ಲ ಕೆಳಗೆ ಇಳಿದವು. ಮೇಲೆ ಬಂದು ಕೂತದ್ದು ಫೈಲ್ ನಕಲು ಮಾಡುವ ಒಂದು ಪ್ರೋಗ್ರಾಂ. ಅದರ ಕೆಳಗೆ ಅದೇ ಇನ್ನೊಂದು, ಇನ್ನೂ ಒಂದು. ಅಷ್ಟನ್ನೂ ಶುರುಮಾಡಿದ ಬಳಕೆದಾರರ ಹೆಸರು ಪಕ್ಕದಲ್ಲೇ ಇತ್ತು.

ಡಾಕ್ಟರ್.

ಅವಳು ಕುರ್ಚಿಗೆ ಒರಗಿದಳು. ಅಳು ಬಂತು, ನಗುವೂ ಬಂತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ದೊಡ್ಡದೊಂದು ಉಸಿರು ಹೊರಬಂತು.

*

"ಇಲ್ಲಿದ್ದೀರಾ? ಊರೆಲ್ಲ ಹುಡುಕಿದೆ." ಅವನು ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ಚಿಕ್ಕಮ್ಮ. ಅವರ ಮುಖ ಸಣ್ಣಗಾಗಿತ್ತು.

"ಚಿಕ್ಕಮ್ಮ, ನಿಮ್ಮ ಕಂಪ್ಯೂಟರಿನಿಂದ ಏನು ನಕಲು ಮಾಡ್ತೀರಿ?"

"ಈಗ ಇವರೂ ಅದನ್ನೇ ಕೇಳಿದ್ರು ಕಣೇ." ಚಿಕ್ಕಮ್ಮ ಸೆರಗಿನ ತುದಿ ತಿರುವತೊಡಗಿದರು. "ಈ ಮಷೀನು ಆಗಾಗ ನಿಲ್ಲುತ್ತಲ್ಲ, ಒಂದಿನ ಸ್ಕ್ಯಾನ್‌ಗಳೆಲ್ಲ ಹೋಗಿಬಿಟ್ರೆ ಅಂತ ಹೆದರಿಕೆ. ನೀನು ಬರೋ ಮುಂಚೆ ಕಂಪ್ಯೂಟರ್ ನೋಡ್ಕೊಳ್ತಿದ್ದ ಹುಡುಗ ಒಂದು ಬಟನ್ ಹಾಕಿಕೊಟ್ಟು ಹೋಗಿದ್ದ. ಒತ್ತಿದ್ರೆ ಎಲ್ಲದರ ನಕಲು ಇನ್ನೊಂದು ಕಡೆಗೆ ಹೋಗುತ್ತೆ. ಮಧ್ಯಾಹ್ನ ಊಟಕ್ಕೆ ಏಳೋ ಮುಂಚೆ ಒತ್ತುತೀನಿ."

"ಒಂದೇ ಸಲ ಒತ್ತುತೀರಾ?"

"ಅದು ನಿಂತ ಹಾಗೆ ಕಾಣುತ್ತೆ... ಅದಕ್ಕೇ ಇನ್ನೊಂದೆರಡು ಸಲ..."

ನಿಲ್ಲುತ್ತದೆ ಎಂಬ ಹೆದರಿಕೆಗೆ ಒತ್ತುವುದು, ಒತ್ತಿದ್ದಕ್ಕೇ ನಿಲ್ಲುವುದು! ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವರು ಚಿಕ್ಕಮ್ಮನೇ.

"ಮನೆತನದ ಬುದ್ಧಿ. ನಿಂತದ್ದು ಕಂಡ್ರೆ ಬಟನ್ ಒತ್ತೋದು," ಎಂದು ಅವಳ ತಲೆ ಸವರಿದರು. "ಗುಬ್ಬಿ ಎಲ್ಲಿಗೂ ಹೋಗಲ್ಲ ಬಿಡು. ನಿನ್ನ ಮೇಲೆ ಸಂಶಯ ಪಟ್ಟೆ ಕಣೇ, ತಪ್ಪಾಯ್ತು." ಹಾಗೆಂದು ಇಬ್ಬರನ್ನೂ ಒಮ್ಮೆ ನೋಡಿ, "ನನಗೆ ರೋಗಿಗಳಿದ್ದಾರೆ," ಎಂದು ಹೊರಟರು. ಹೋಗುವಾಗ ಬಾಗಿಲನ್ನು ಮೆತ್ತಗೆ ಎಳೆದುಕೊಂಡರು.

"ನೀವು ಗುಬ್ಬೀನ ಕೊಲ್ಲಿ ಅಂದ್ರಿ," ಎಂದಳು ನೆಲ ನೋಡುತ್ತಾ. "ಬಾಗಿಲ ಹತ್ರ ಕೇಳಿಸ್ಕೊಂಡೆ."

"ಪೂರ್ತಿ ಕೇಳಿಸ್ಕೊಂಡ್ರಾ?"

"ಇಲ್ಲ."

"ಯಾರೇ ಆದ್ರೂ ಹಾಗೆ ಹೇಳ್ತಾರೆ, ಆದ್ರೆ ಅದು ಅನ್ಯಾಯ ಅಂದೆ. ಗುಬ್ಬಿ ತಪ್ಪು ಮಾಡಿಲ್ಲ, ಪಾಪ, ಕಾಯ್ತಾ ಕೂತಿದೆ ಅಂದೆ. ಹೊರಗಿಂದ ನೋಡೋರಿಗೆ ಕಾಯ್ತಿರೋರೇ ದಾರಿಗೆ ಅಡ್ಡ ಕೂತ ಹಾಗೆ ಕಾಣ್ತಾರೆ ಅಂತಲೂ ಅಂದೆ. ಡಾಕ್ಟ್ರು ಆಗ ಒಂದು ವಿಷಯ ಹೇಳಿದ್ರು. ಗುಬ್ಬಿ ಅಂದ್ರೆ ಯಾರು ಅಂತ. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ನಿಮ್ಮ ಹೆಸರು ಹಿಡಿದು ಕೊಲ್ಲೋ ಮಾತಾಡಿದ್ನಲ್ಲ..."

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣೀರು ಇಳಿಯಿತು. "ನಾನು ನಿಮ್ಮ ಫೈಲ್ ಅಳಿಸೋಕೆ ಬಂದಿದ್ದೆ."

"ಮತ್ತೆ ಯಾಕೆ ಅಳಿಸ್ಲಿಲ್ಲ?"

"ಹಿಂದಕ್ಕೆ ಹೋಗಿ ನೋಡಿದೆ. ಮೊದಲನೇ ಸಲ."

ಅವನು ತೆರೆಯ ಕಡೆ ತಿರುಗಿದ. ರೆಕಾರ್ಡಿಂಗ್ ಇನ್ನೂ ಓಡುತ್ತಲೇ ಇತ್ತು. "ನನ್ನ ಕೆಲಸ ಮುಗೀತು. ಇದನ್ನ ನಿಲ್ಲಿಸ್ಬೇಕು."

ಅವಳ ಅಂಗೈ ತಾನಾಗಿಯೇ ಹೋಗಿ ಕೀಲಿಗಳ ಮೇಲೆ ಅಡ್ಡ ಕೂತಿತು. ಅವನ ಬೆರಳು ಇದ್ದದ್ದು ಈಗ ಅವಳ ಕೈಯ ಮೇಲೆ.

"ಕೈ ತೆಗೀರಿ," ಎಂದ ಮೆಲ್ಲಗೆ.

"ನಾನು ತೆಗೆದ್ರೆ ನೀವು ನಿಲ್ಲಿಸ್ತೀರಿ."

ಅವನ ಬೆರಳು ಅಲ್ಲಿಂದ ಕದಲಲಿಲ್ಲ. "ಆ ವಾರ ಇದು ನಿಲ್ಲದೇ ಇರ್ಲಿ ಅಂತ ದಿನಾ ಅಂದ್ಕೊಳ್ತಿದ್ದೆ. ಸಂಬಳ ತಗೊಂಡು ಹೀಗೆ ಅಂದ್ಕೊಂಡದ್ದು ಇದೇ ಮೊದಲು. ನಿಮ್ಮ ಚಹಾಗೋಸ್ಕರ ಅಲ್ಲ. ಅದರಲ್ಲಿ ಸಕ್ಕರೆ ಯಾವಾಗಲೂ ಜಾಸ್ತಿ."

"ಮತ್ತೆ?"

"ನಿಮ್ಮನ್ನ ಗುಬ್ಬಿ ಅಂತ ಕರೀಬೇಕು ಅನ್ನಿಸ್ತಿದೆ. ಅದು ನಿಮ್ಮ ಅಪ್ಪನ ಮಾತು, ನನಗೆ ಗೊತ್ತು. ನೀವು ಬೇಡ ಅಂದ್ರೆ ಯಾವತ್ತೂ ಕರೆಯಲ್ಲ. ಆದ್ರೆ..."

ಅವನು ಅಲ್ಲಿಗೇ ನಿಲ್ಲಿಸಿದ. ಹಿಂದಿನ ಅವಳಾಗಿದ್ದರೆ ಅರ್ಧಕ್ಕೇ ಎದ್ದು ಓಡುತ್ತಿದ್ದಳು. ಈಗ ಅವಳು ಅವನ ಮುಖ ನೋಡುತ್ತಾ ಕೂತೇ ಇದ್ದಳು.

"ಪೂರ್ತಿ ಹೇಳಿ," ಎಂದಳು. "ನಾನು ಎಲ್ಲಿಗೂ ಹೋಗಲ್ಲ."

"ಆದ್ರೆ ಬಾಳೆಲ್ಲ ಕರೀಬೇಕು ಅನ್ನೋ ಆಸೆ. ಇಷ್ಟೇ. ಉತ್ತರಕ್ಕೆ ಅವಸರ ಇಲ್ಲ, ಕಾಯ್ತೀನಿ."

"ಕಾಯೋದು ಬೇಡ," ಎಂದಳು ಅವಳು. "ಕರೀರಿ."

"ಗುಬ್ಬೀ..."

"ಹೂಂ," ಎಂದಳು. ಎಷ್ಟೋ ಕಾಲದ ಮೇಲೆ ಆ ಹೆಸರಿಗೆ ಅವಳು ಓಗೊಟ್ಟಿದ್ದಳು.