ತೊಂಬತ್ತು ಕಲ್ಲಿನ ಬಚ್ಚಲಿಗೆ ಹಾಸಿದ ಕೌದಿ

ಯಾವ ಅಜ್ಜಿಯ ನೆನಪಿಗೂ ಸಿಗದಷ್ಟು ಹಿಂದೆ ಹೊನಲಾವತಿ ಎಂಬ ರಾಜ್ಯವಿತ್ತು. ಅದನ್ನು ಕರಾಳಕೇತು ಎಂಬ ಮಾಯಾವಿ ಕಿತ್ತುಕೊಂಡು ಆಳುತ್ತಿದ್ದ. ಅವನಿಗೆ ಏಳು ಉಪ್ಪರಿಗೆಯ ಅರಮನೆ, ಅದರೊಳಗೆ ಊರಗಲದ ಬಚ್ಚಲುಮನೆ. ಇಷ್ಟಿದ್ದೂ ಆ ಮಹಾರಾಯ ಹನ್ನೆರಡು ವರ್ಷದಿಂದ ಸ್ನಾನ ಮಾಡಿರಲಿಲ್ಲ. ಅವನು ಓಡಾಡಿದ ದಾರಿಯಲ್ಲಿ ಮಲ್ಲಿಗೆ ಬಾಡುತ್ತಿತ್ತು ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಕಾರಣವಿಷ್ಟೇ. ತನಗೆ ಎದುರಾಡಿದವರನ್ನೆಲ್ಲ ಅವನು ಬಚ್ಚಲಿಗೆ ನೂಕಿಸುತ್ತಿದ್ದ. ಆ ನುಣುಪು ನೆಲದಲ್ಲಿ ಜಾರಿ ಬಿದ್ದವರು ಬಿದ್ದಲ್ಲೇ ಹಾಸುಗಲ್ಲಾಗುತ್ತಿದ್ದರು. ಆದರೆ ಮಂತ್ರಕ್ಕೆ ಒಡೆಯ, ಆಳು ಎಂಬ ಭೇದ ತಿಳಿಯದು. ಜಾರಿದರೆ ಮಾಯಾವಿಯೂ ಕಲ್ಲೇ. ಹಾಗಾಗಿ ತಾನು ಕಟ್ಟಿಸಿದ ಬಚ್ಚಲಿಗೆ ಕಾಲಿಡಲು ತಾನೇ ಹೆದರುತ್ತಿದ್ದ.

ಕೊನೆಗೆ ಮೈ ಕೆರೆತ ತಾಳಲಾರದೆ ಡಂಗುರ ಹೊಡೆಸಿದ. ಜಾರದ ಹಾಸು ಹಾಸಿ, ಒದ್ದೆಗಾಲಲ್ಲಿ ತಾವೇ ಮೊದಲು ನಡೆದು ತೋರಿಸಿದವರಿಗೆ ಕೇಳಿದ ಒಂದು ಕಲ್ಲನ್ನು ಮನುಷ್ಯನಾಗಿ ಮಾಡಿ ಕೊಡುವುದಾಗಿ ಸಾರಿಸಿದ. ಅಣ್ಣನಿಗಾಗಿ ಒಬ್ಬ ರೇಷ್ಮೆ ತಂದ, ಮಗಳಿಗಾಗಿ ಒಬ್ಬ ರತ್ನಗಂಬಳಿ ತಂದ, ತಾಯಿಗಾಗಿ ಒಬ್ಬ ಹುಲಿಚರ್ಮ ತಂದ. ಮೂವರೂ ಜಾರಿದರು. ಕಲ್ಲುಗಳ ಎಣಿಕೆ ತೊಂಬತ್ತಕ್ಕೆ ಮುಟ್ಟಿತು.

ಆಗ ಬಂದವಳು ಕೌದಿ ಹೊಲಿಯುವ ಹಂಪವ್ವ. ಊರಿನ ಬಾವಿ ಊರವರದು ಎಂದು ಹೇಳಿದ ತಪ್ಪಿಗೆ ಅವಳ ಗಂಡ ದ್ಯಾವಪ್ಪ ಬಚ್ಚಲಿನ ನಡುವೆ ಕಲ್ಲಾಗಿ ಬಿದ್ದಿದ್ದ. ಇಡೀ ಆಸ್ಥಾನ ಮಾಯಾವಿಯನ್ನು ತಾವು ತಾವು ಎನ್ನುತ್ತಿದ್ದರೆ ಇವಳು ನೆಟ್ಟಗೆ ನಿಂತು ನೀನು ಎಂದಳು.

"ನಿನ್ನ ಬಚ್ಚಲಕ್ಕ ನಾ ಹಾಸತೀನಿ. ಗೆದ್ದರ ನನ್ನ ಗಂಡನ್ನ ಕೊಡಬೇಕು."

ಮಂತ್ರಿ ಬೇಡವೆಂದು ಅವಳತ್ತ ತಲೆಯಾಡಿಸಿದ. ಕರಾಳಕೇತು ನಕ್ಕು, ಒಳಗೆ ಹೋಗು ಎಂದು ಕೈ ತೋರಿಸಿದ.

ಹಂಪವ್ವ ಬಣ್ಣ ನೋಡುವವಳಲ್ಲ, ಅಂಗಾಲಿನಿಂದ ನೋಡುವವಳು. ಹೊಸ್ತಿಲಲ್ಲಿ ಕಾಲೂರಿದಳು. ಅಲ್ಲಿ ಜಿಡ್ಡಿತ್ತು, ಕಾವಲಿಗಿದ್ದ ಮಾಯದ ಕಪ್ಪೆ ಬಾಯಿ ತೆರೆದಾಗಲೆಲ್ಲ ಎಣ್ಣೆ ಉಗುಳುತ್ತಿತ್ತು. ಅವಳು ತೆಂಗಿನ ನಾರಿನ ಒರಟು ಚಾಪೆ ಬಿಡಿಸಿದಳು. ಕಪ್ಪೆ ಉಗುಳಿತು, ಎಣ್ಣೆ ನಾರಿನ ಸಂದಿಗಿಳಿಯಿತು, ಕಾಲು ಕಚ್ಚಿ ನಿಂತಿತು. ಉಗುಳಿ ಉಗುಳಿ ಗಂಟಲೊಣಗಿದ ಕಪ್ಪೆ ಹಾರಿ ಹೋಯಿತು.

ಎರಡನೆಯದು ಒಲೆಯ ಬಾಯಿ. ಅಲ್ಲೊಂದು ಬೆಂಕಿಬೆಕ್ಕು ಕೆಂಡ ತೂರುತ್ತಿತ್ತು. ಹಂಪವ್ವ ಕುರಿಯುಣ್ಣೆಯ ಕರಿಕಂಬಳಿ ಹಾಸಿದಳು. ಉಣ್ಣೆ ಕಮರು ವಾಸನೆ ಬಿಟ್ಟಿತೇ ಹೊರತು ಉರಿ ಹತ್ತಿಸಿಕೊಳ್ಳಲಿಲ್ಲ. ಸಾಕಾಗಿ ಹೋದ ಬೆಕ್ಕು ಬೂದಿಯಲ್ಲಿ ಮುದುಡಿ ಮಲಗಿತು.

ಮೂರನೆಯದು ಮೀಯುವ ಜಾಗ, ನೀರು ಧೋ ಎಂದು ಸುರಿಯುವ ನಟ್ಟನಡು. ಅಲ್ಲಿಗೆ ಅವಳು ತಂದದ್ದು ಕೌದಿ. ಕಲ್ಲಾದವರ ಮನೆಮನೆಗೂ ಹೋಗಿ, ಅವರು ಉಟ್ಟು ಸವೆದ ಒಂದೊಂದು ಬಟ್ಟೆ ಬೇಡಿ ತಂದು, ಪದರದ ಮೇಲೆ ಪದರ ಇಟ್ಟು ಹೊಲಿದಿದ್ದಳು. ಬಿಡಿಸುತ್ತಲೇ ಮೋರಿಯಲ್ಲಿ ಅಡಗಿದ್ದ ಮೊಸಳೆಯೊಂದು ಅಂಚು ಕಚ್ಚಿ ಎಳೆಯಿತು. ಕೆಳಗಿನ ಕಲ್ಲುಗಳಿಗೆ ತಮ್ಮ ತಮ್ಮ ಬಟ್ಟೆಯ ಗುರುತು ಸಿಕ್ಕಿತು. ಅವು ಕೌದಿಯನ್ನು ಬಿಗಿಯಾಗಿ ಹಿಡಿದುಕೊಂಡವು. ಮೊಸಳೆಯ ಹಲ್ಲು ಉದುರಿದವೇ ವಿನಾ ಕೌದಿ ಕದಲಲಿಲ್ಲ. ಸುರಿದ ನೀರನ್ನೆಲ್ಲ ಅದು ಕುಡಿಯಿತು, ಹಂಪವ್ವ ಅದರ ಮೇಲೆ ಒದ್ದೆಗಾಲಲ್ಲಿ ಮೂರು ಸುತ್ತು ನಡೆದಳು.

ಕರಾಳಕೇತು ಹಿಗ್ಗಿ ಹೀರೇಕಾಯಿಯಾದ. ಚಾಪೆ ದಾಟಿ, ಕಂಬಳಿ ದಾಟಿ ಕೌದಿಯ ಮೇಲೆ ನಿಂತ. ಜಾರಲಿಲ್ಲ. ಬಗ್ಗಿ ನೋಡಿದವನೇ ಹುಬ್ಬು ಗಂಟಿಕ್ಕಿ, ಇದು ಯಾರು ಉಟ್ಟ ಬಟ್ಟೆ ಎಂದು ಕೇಳಿದ. ಹಿಂದೆ ನಿಂತಿದ್ದ ಮಂತ್ರಿ, ಹೊಸದು ಎನ್ನು ಎಂದು ಕಣ್ಸನ್ನೆ ಮಾಡಿದ. ಒಂದು ಸುಳ್ಳು ಹೇಳಿದ್ದರೆ ಗಂಡ ಸಿಗುತ್ತಿದ್ದ. ಅದು ಅವಳಿಗೂ ಗೊತ್ತಿತ್ತು. ಆದರೆ ಎಂಬತ್ತೊಂಬತ್ತು ಮಂದಿಯ ಬಟ್ಟೆ ಬೇಡಿ ತಂದ ಕೈ ಅವಳದು, ಅವರ ಹೆಸರು ನುಂಗಲು ಬಾಯಿ ಬರಲಿಲ್ಲ.

"ನೀ ಕಲ್ಲು ಮಾಡಿದ ಮಂದೀದು," ಎಂದಳು. "ಈ ಅಂಚು ಗಾಣದ ಬಸಲಿಂಗವ್ವನ ಸೀರಿ. ಈ ಕೆಂಪಂದು ಕುಂಬಾರ ಮಾಳಪ್ಪನ ರುಮಾಲು. ನಡುವಿನ ಬಿಳೀದು ನನ್ನ ಗಂಡನ ಧೋತರ. ಇವರ ಮ್ಯಾಲ ನಿಂತು ಮೈ ತೊಳಕೊಳ್ಳಾಕ ಹೊಂಟಿ. ಹೆಸರಾದರ ಕೇಳಿಕೋ."

ಮಾಯಾವಿಯ ಮೈ ಉರಿದುಹೋಯಿತು. ಆಳುಕಾಳುಗಳು ಉಟ್ಟು ಬಿಟ್ಟ ಬಟ್ಟೆಯ ಮೇಲೆ ತಾನು ನಿಲ್ಲುವುದೆಂದರೆ ಮೈಲಿಗೆ ಎಂದು ಕೂಗಾಡುತ್ತ ಹಿಂದೆ ಸರಿದು ಚಾಪೆಯ ಮೇಲೆ ನಿಂತ. ಯಾರೂ ಮುಟ್ಟದ, ಗಂಜಿ ಹಾಕಿ ತೀಡಿದ ಹೊಚ್ಚಹೊಸ ಪೀತಾಂಬರ ತರಿಸಿ, ಕೌದಿ ತೆಗೆದು ಇದನ್ನು ಹಾಸು ಎಂದು ಅವಳಿಗೆ ಅಪ್ಪಣೆ ಮಾಡಿದ. ಹಾಸದಿದ್ದರೆ ತೊಂಬತ್ತೊಂದನೆಯ ಕಲ್ಲು ಅವಳೇ ಎಂದ.

"ಕಲ್ಲು ಮಾಡು," ಎಂದಳು ಹಂಪವ್ವ. "ನೂರು ಸಲ ಒಗೆದ ಬಟ್ಟಿ ನೀರು ಕುಡೀತೈತಿ. ಗಂಜಿ ಹಿಡಿದ ಹೊಸಾದು ಕುಡಿಯಾಂಗಿಲ್ಲ, ಜಾರತೈತಿ. ನಾ ಆರಿಸಿದ್ದು ಇದು. ಬ್ಯಾರೇದು ನನ್ನ ಕೈಲೆ ಹಾಸಾಂಗಿಲ್ಲ."

ಅವಳು ಕೈಕಟ್ಟಿ ನಿಂತಳು. ಅವಳನ್ನು ನೂಕಲೂ ಪೀತಾಂಬರ ಹಾಸಲೂ ಭಟರಲ್ಲಿ ಯಾರೂ ಮುಂದೆ ಬರಲಿಲ್ಲ. ಸಿಟ್ಟು ನೆತ್ತಿಗೇರಿದ ಕರಾಳಕೇತು ತಾನೇ ಕೌದಿಯನ್ನು ಕಾಲಿಂದ ಒದ್ದ, ಈ ಸಲ ಕಲ್ಲುಗಳು ತಾವಾಗಿಯೇ ಹಿಡಿತ ಬಿಟ್ಟವು, ತಾನೇ ಪೀತಾಂಬರ ಹರವಿದ, ತಾನೇ ಅದರ ಮೇಲೆ ಕಾಲಿಟ್ಟ. ಒದ್ದೆ ನೆಲ, ಸೆಟೆದ ಬಟ್ಟೆ, ಹನ್ನೆರಡು ವರ್ಷದ ಜಿಡ್ಡುಗಾಲು. ದೊಪ್ಪನೆ ಬಿದ್ದವನು ಬಿದ್ದ ಹಾಗೆಯೇ ಕಲ್ಲಾದ.

ಮಂತ್ರ ಹಾಕಿದವನೇ ಕಲ್ಲಾದ ಮೇಲೆ ಅವನು ಕಟ್ಟಿಹಾಕಿದವರ ಮೇಲಿನ ಮಂತ್ರ ಸಡಿಲವಾಯಿತು. ತೊಂಬತ್ತು ಕಲ್ಲೂ ಕೆಮ್ಮುತ್ತ, ಸೊಂಟ ನೀವಿಕೊಳ್ಳುತ್ತ ಎದ್ದು ಕೂತವು. ದ್ಯಾವಪ್ಪ ಮೊದಲು ತನ್ನ ಧೋತರ ಕತ್ತರಿಸಿದ್ದಕ್ಕೆ ಹೆಂಡತಿಯ ಮೇಲೆ ರೇಗಿದ, ಆಮೇಲೆ ಅವಳ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತ. ಹಂಪವ್ವನೂ ಅತ್ತಳು.

ಬಚ್ಚಲಲ್ಲಿ ಉಳಿದದ್ದು ಒಂದೇ ಒಂದು ಕಲ್ಲು. ಊರವರೆಲ್ಲ ಸೇರಿ ಅದನ್ನು ಹೊಳೆಯ ದಂಡೆಗೆ ಉರುಳಿಸಿದರು. ಹೊನಲಾವತಿಯ ಹೆಂಗಸರು ಅದರ ಮೇಲೆ ಬಟ್ಟೆ ಒಗೆದರು, ಊರೆಲ್ಲ ಉಟ್ಟು ಬಿಟ್ಟ ಬಟ್ಟೆ, ದಿನವೂ, ಎತ್ತಿ ಎತ್ತಿ ಬಡಿದು. ಅವರೆಲ್ಲ ನೂರು ಕಾಲ ನಗುನಗುತ್ತ ಬಾಳಿದರು.